ಕೆರೆಯ ಅಂಚು ಹಿಡಿದವಳು

ಜೂನ್ ೪

ಮೊಂಡಿಗೆ ಮಾಮನ ಆಶೀರ್ವಾದ.

ಇಲ್ಲಿ ಎಲ್ಲರೂ ಕ್ಷೇಮ ಎಂದು ಮೊದಲ ಸಾಲಿನಲ್ಲಿ ಬರೆಯುವುದು ಪದ್ಧತಿ. ಇಲ್ಲಿರುವವನು ನಾನೊಬ್ಬನೇ ಆದ್ದರಿಂದ ‘ಎಲ್ಲರೂ’ ಎಂಬ ಮಾತು ನನ್ನ ಅಂಗಾಂಗಗಳಿಗೆ ಅನ್ವಯಿಸುತ್ತದೆ. ಮಂಡಿ ಕ್ಷೇಮ. ಹೊಟ್ಟೆ ಕ್ಷೇಮ. ನೀನು ಮಾಡಿಕೊಟ್ಟ ಹಲ್ಲಿನ ಸೆಟ್ಟು ನನಗಿಂತ ಕ್ಷೇಮ. ಲೋಟದೊಳಗೆ ಕೂತು ನನ್ನನ್ನೇ ನೋಡಿ ನಗುತ್ತದೆ. ಎಡಗಣ್ಣು ಮಾತ್ರ ಹೋದ ತಿಂಗಳು ಅಂಗಡಿ ಮುಚ್ಚಿತು. ಬಲಗಣ್ಣು ಅರ್ಧ ಬಾಗಿಲು ಎಳೆದುಕೊಂಡು ವ್ಯಾಪಾರ ನಡೆಸುತ್ತಿದೆ. ಡಾಕ್ಟರು “ನೋಡೋಣ” ಎಂದರು. ಅವರು ನೋಡಲಿ, ನಾನು ನೋಡುವ ಕಾಲ ಮುಗಿಯುತ್ತ ಬಂತು. ಅದಕ್ಕೇ ಈ ಕಾಗದದ ಅಕ್ಷರಗಳು ಕುಂಬಳಕಾಯಿಯಷ್ಟು ದಪ್ಪ. ನೀನು ಕಿವುಡಿ ಎಂದುಕೊಂಡು ಕೂಗಿ ಬರೆಯುತ್ತಿದ್ದೇನೆ ಎಂದು ತಿಳಿಯಬೇಡ.

ಫೋನ್ ಮಾಡಬಹುದಿತ್ತು. ಆದರೆ ಅಪ್ಪನ ಮಾತು ಬಂದ ಕೂಡಲೇ ನೀನು ಫೋನ್ ಇಟ್ಟುಬಿಡುತ್ತೀಯ. ಕಾಗದವನ್ನೂ ಇಡಬಹುದು, ಇಟ್ಟರೂ ಅದು ಅಲ್ಲೇ ಮೇಜಿನ ಮೇಲೆ ಕೂತು ನಿನ್ನ ಮುಖ ನೋಡುತ್ತಿರುತ್ತದೆ.

ವಿಷಯ ಇದು: ನಿಮ್ಮಪ್ಪ ಮಹಾನುಭಾವನಾಗಿದ್ದಾನೆ. ಗಾಬರಿಯಾಗಬೇಡ. ಸತ್ತು ಇಷ್ಟು ವರ್ಷವಾದ ಮೇಲೆ ಯಾರು ಬೇಕಾದರೂ ಆಗಬಹುದು.

ನಮ್ಮ ಮ್ಯೂಸಿಯಂ ನಿನಗೆ ನೆನಪಿರಬೇಕು. ಒಡೆದ ಮಡಕೆ, ತುಕ್ಕು ಹಿಡಿದ ಕತ್ತಿ, ಹೊಟ್ಟೆಯಿಂದ ಹುಲ್ಲು ಇಣುಕುವ ಮೊಸಳೆ. ಅಲ್ಲಿಗೆ ಹೊಸದಾಗಿ ಒಬ್ಬ ಹುಡುಗಿ ಬಂದಿದ್ದಾಳೆ. ಕೆಲಸ ಮಾಡುತ್ತಾಳಂತೆ, ಉಳಿದ ಸಿಬ್ಬಂದಿಗೆ ಅದೇ ತಲೆನೋವು. ನಾನೂ ನಿಮ್ಮಪ್ಪನೂ ದುಡಿದ ಫೋಟೋ ಸ್ಟುಡಿಯೋವನ್ನು ಕೆಡವುವಾಗ ಅಟ್ಟದ ಮೇಲೆ ಸುರುಳಿ ಸುತ್ತಿದ ಹಿನ್ನೆಲೆ ಪರದೆಗಳೂ ಪೆಟ್ಟಿಗೆಗಟ್ಟಲೆ ನೆಗೆಟಿವ್‌ಗಳೂ ಸಿಕ್ಕವು. ಗುಜರಿಗೆ ಹೋಗಿವೆ ಎಂದೇ ನಾನು ತಿಳಿದಿದ್ದೆ. ಅವಳು ಪರದೆ ಬಿಚ್ಚಿ ನೋಡಿ, “ಇದನ್ನು ಬರೆದವರು ಯಾರು?” ಎಂದು ಊರೆಲ್ಲ ಕೇಳಿಕೊಂಡು ಬಂದಳು. ಆ ಅರಮನೆಯ ಮೆಟ್ಟಿಲ ಮುಂದೆ, ಆ ವಿಮಾನದ ರೆಕ್ಕೆಯ ಕೆಳಗೆ, ಆ ಕೆರೆಯ ದಡದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳದ ಮನೆ ಈ ಊರಲ್ಲಿ ಒಂದಿಲ್ಲ. ಬರೆದವನು ಯಾರು ಎಂದರೆ ಎಲ್ಲರೂ ಸೂರು ನೋಡಿದರು. ಕೊನೆಗೆ ನನ್ನ ಬಾಗಿಲಿಗೆ ಬಂದಳು.

“ಅಜ್ಜ, ಈ ಕಲಾವಿದರು ನಿಮಗೆ ಗೊತ್ತಾ?”

“ಕಲಾವಿದ ಯಾರೂ ಗೊತ್ತಿಲ್ಲಮ್ಮ. ಪೇಂಟರ್ ಒಬ್ಬ ಗೊತ್ತು. ನನ್ನ ತಂಗಿ ಗಂಡ. ನನ್ನ ಛತ್ರಿ ಇಸ್ಕೊಂಡು ಹೋಗಿ ವಾಪಸ್ ಕೊಡ್ದೆ ಸತ್ತ.”

ಅದನ್ನೂ ಬರೆದುಕೊಂಡಳು. ಛತ್ರಿಯನ್ನೂ ಹುಡುಕಿ ಗಾಜಿನ ಪೆಟ್ಟಿಗೆಯಲ್ಲಿಡುತ್ತಾಳೋ ಏನೋ.

ಅಕ್ಟೋಬರಿನಲ್ಲಿ ಪ್ರದರ್ಶನ. ಅವನ ಕೊನೆಯ ಪರದೆ, ಕೆರೆಯದು, ನಿನ್ನ ಬಳಿ ಇದೆ ಎಂದು ಬಾಯಿಬಿಟ್ಟಿದ್ದೇನೆ. ಕಳಿಸಿಕೊಡು. ನೀನೂ ಬಂದರೆ ಇನ್ನೂ ಒಳ್ಳೆಯದು. ಮಗಳ ಕೈಯಲ್ಲಿ ದೀಪ ಹಚ್ಚಿಸಬೇಕೆಂದು ಅವರ ಆಸೆ. ಒಂದು ಬೆಂಕಿಪೆಟ್ಟಿಗೆಯ ಖರ್ಚಷ್ಟೆ.

ನಿನ್ನ ಮಾಮ
(ಸದ್ಯಕ್ಕೆ ಮ್ಯೂಸಿಯಂನ ಅಧಿಕೃತ ‘ಮಾಹಿತಿದಾರರು’)


ಜೂನ್ ೨೦

ಮಾಮನಿಗೆ ನಮಸ್ಕಾರ.

ಪರದೆಯನ್ನು ಲಾರಿಗೆ ಹಾಕಿದ್ದೇನೆ. ಇಷ್ಟು ವರ್ಷ ಅದು ನನ್ನ ಕೆಲಸದ ಕೋಣೆಯಲ್ಲಿ ಪ್ಲಾಸ್ಟರ್ ಚೀಲಗಳಿಗೆ ಹೊದಿಕೆಯಾಗಿತ್ತು. ಹಲ್ಲಿನ ಅಚ್ಚು ಎರೆಯುವ ಪ್ಲಾಸ್ಟರಿಗೆ ಥಂಡಿ ತಾಗಬಾರದು. ಅದಕ್ಕೆ ಕೆರೆಯನ್ನೇ ಹೊದಿಸಿದ್ದೆ, ನಗುವುದಾದರೆ ನಗಿ.

ನಾಲ್ಕು ಜನ ನೋಡುವ ವಸ್ತು, ಕೊಳಕಾಗಿ ಕಳಿಸಿದರೆ ನಿಮ್ಮ ಮಾನ ಹೋಗುತ್ತದೆ ಎಂದು ಅಂಗಳದಲ್ಲಿ ಹರಡಿ ಧೂಳು ಒರೆಸಿದೆ. ಬಲ ಅಂಚಿನಲ್ಲಿ, ಎದೆಮಟ್ಟದಲ್ಲಿ, ಅಂಗೈಯಗಲ ಕಪ್ಪು ಜಿಡ್ಡು ಇತ್ತು. ಬಟ್ಟೆಯ ಎಳೆಯೊಳಗೇ ಇಳಿದುಬಿಟ್ಟಿತ್ತು. ಬಿಸಿನೀರು, ಸೋಪು, ಹಲ್ಲು ಉಜ್ಜಿ ಹೊಳಪು ಕೊಡುವ ನನ್ನ ಬ್ರಷ್ಷು, ಮೂರನ್ನೂ ಹಿಡಿದು ಒಂದು ಮಧ್ಯಾಹ್ನವಿಡೀ ಹೋರಾಡಿ ತೆಗೆದೆ. ಆ ಜಾಗದಲ್ಲಿ ನೀರಿನ ಬಣ್ಣ ತುಸು ತೆಳುವಾಗಿದೆ, ಆದರೆ ಚೊಕ್ಕಟವಾಗಿದೆ.

ನಾನು ಬರುವುದಿಲ್ಲ. ಊರಿಗೆಲ್ಲ ಅರಮನೆ ಬರೆದುಕೊಟ್ಟ ಗಂಡ. ಊರಿನವರ ಮುಖಗಳನ್ನೆಲ್ಲ ತೆಗೆದ ಅಣ್ಣ. ಈ ಇಬ್ಬರ ನಡುವೆ ಓಡಾಡಿಕೊಂಡಿದ್ದ ಹೆಂಗಸಿನ ಒಂದೇ ಒಂದು ಫೋಟೋ ಇಲ್ಲ. ನನಗೆ ಒಂದೂವರೆ ವರ್ಷ ಇದ್ದಾಗ ಹೋದ ಅಮ್ಮನ ಮುಖ ಹೇಗಿತ್ತು ಎಂದು ಕೇಳಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನೀವು “ಚೆನ್ನಾಗಿತ್ತು” ಎನ್ನುತ್ತಿದ್ದಿರಿ. ಚೆನ್ನಾಗಿತ್ತು ಎನ್ನುವುದು ಊಟಕ್ಕೆ ಹೇಳುವ ಮಾತು ಮಾಮ, ಮುಖಕ್ಕಲ್ಲ.

ದಿನವೂ ಯಾರ್ಯಾರದೋ ದವಡೆಯ ಅಚ್ಚು ಹಿಡಿದು ಕೂರುತ್ತೇನೆ. ಇದು ತಾಯಿ ಕಡೆಯದು, ಇದು ತಂದೆ ಕಡೆಯದು ಎಂದು ಅಭ್ಯಾಸಬಲದಿಂದ ಅಂದಾಜು ಮಾಡುತ್ತೇನೆ. ನನ್ನ ದವಡೆ ಅಪ್ಪನದಲ್ಲ. ಹಾಗಾದರೆ ಯಾರದು ಎಂದು ಹೋಲಿಸಿ ನೋಡಲು ನನ್ನ ಬಳಿ ಏನೂ ಇಲ್ಲ. ಅಂಥವಳು ಬಂದು ಅವನಿಗೆ ದೀಪ ಹಚ್ಚಬೇಕೇ?

ಕಣ್ಣಿಗೆ ಔಷಧಿ ಬಿಡುವುದನ್ನು ತಪ್ಪಿಸಬೇಡಿ. ಹಲ್ಲನ್ನು ಬಿಸಿನೀರಿನಲ್ಲಿ ಹಾಕಬೇಡಿ, ಸೊಟ್ಟಗಾಗುತ್ತದೆ.

ಮೊಂಡಿ


ಆಗಸ್ಟ್ ೯

ಮೊಂಡಿ,

ಪರದೆ ಬಂತು. “ಒಂದು ಹನಿ ನೀರೂ ಚೆಲ್ಲದೆ ಕೆರೆ ತಂದ್ಯಲ್ಲಪ್ಪ” ಎಂದೆ ಲಾರಿಯವನಿಗೆ. ಅವನು ನಗಲಿಲ್ಲ. ಈಗಿನ ಲಾರಿಯವರೇ ಹೀಗೆ.

ನಿನ್ನೆ ಮ್ಯೂಸಿಯಂಗೆ ಹೋಗಿದ್ದೆ. ಮೊಸಳೆಯನ್ನು ಮೂಲೆಗೆ ತಳ್ಳಿ ನಿಮ್ಮಪ್ಪನಿಗೆ ಜಾಗ ಮಾಡಿದ್ದಾರೆ. ಒಂದು ಕೈಪಿಡಿ ಅಚ್ಚಾಗಿದೆ. ಅದನ್ನು ಕೆಳಮನೆಯ ಟೈಪಿಸ್ಟಮ್ಮ ಓದಿ ಹೇಳಿದಳು. ‘ಕಲಾವಿದರು ಪರದೆಯ ನಡುಭಾಗವನ್ನು ಬರಿದಾಗಿ ಬಿಟ್ಟಿರುವುದು ಮನುಷ್ಯನ ಒಂಟಿತನದ ಸಂಕೇತ’ ಎಂದಿದೆ. ನಡುಭಾಗದಲ್ಲಿ ಗಿರಾಕಿ ನಿಲ್ಲುತ್ತಿದ್ದ ಕಣೇ. ಅವನ ಬೆನ್ನ ಹಿಂದೆ ಬರೆದರೆ ಬಣ್ಣ ದಂಡ. ತಿದ್ದೋಣ ಎಂದು ಬಾಯಿ ತೆರೆದವನು ಸುಮ್ಮನಾದೆ. ಒಂಟಿತನವೂ ಇದ್ದಿರಬಹುದು, ನಿಮ್ಮಪ್ಪ ಬಾಯಿಬಿಟ್ಟು ಹೇಳಿದವನಲ್ಲ.

ನನ್ನ ಹೆಸರೂ ಇದೆಯೇ ಎಂದು ಕೇಳಿದೆ. ಇದೆಯಂತೆ. ಕೊನೆಯ ಪುಟದ ತಳದಲ್ಲಿ, ಇರುವೆಯ ಕಾಲಿನಷ್ಟು ಅಕ್ಷರದಲ್ಲಿ: ‘ಛಾಯಾಚಿತ್ರಗಳು: ಸ್ಥಳೀಯ ಸ್ಟುಡಿಯೋ.’ ನಾನು ಸ್ಥಳೀಯ! ನಿಮ್ಮಪ್ಪನೇನು ಚಂದ್ರಲೋಕದಿಂದ ಇಳಿದವನೋ?

ಸರಿ. ಈಗ ಕೂತುಕೊಂಡು ಓದು.

ನೆಗೆಟಿವಿನ ಅಂಚುಗಳಿಗೆ ಕಪ್ಪು ಕಾಗದದ ಪಟ್ಟಿ ಅಂಟಿಸುವುದು ನನ್ನ ಕ್ರಮವಾಗಿತ್ತು. ಪರದೆಯ ಆಚೆಗಿನ ಗೋಡೆ, ಸ್ಟೂಲು, ಮೊಳೆಗೆ ನೇತುಹಾಕಿದ ಕೋಟು ಇವೆಲ್ಲ ಗಿರಾಕಿಯ ಫೋಟೋದಲ್ಲಿ ಬರಬಾರದು. ಕೆರೆ ಎಂದರೆ ಕೆರೆ. ಕೆರೆಯ ಪಕ್ಕ ಸ್ಟೂಲು ಕಂಡರೆ ಯಾರು ನಂಬುತ್ತಾರೆ? ಈ ಹುಡುಗಿಗೆ ಅದೆಲ್ಲ ಏನು ಗೊತ್ತು. ಯಾರೋ ಅಂಟಿಸಿದ ಕಸ ಎಂದುಕೊಂಡು ಒಂದೊಂದು ಪಟ್ಟಿಯನ್ನೂ ನೆನೆಸಿ, ಬಿಡಿಸಿ, ನೆಗೆಟಿವನ್ನು ಪೂರ್ತಿಯಾಗಿ ಅಚ್ಚು ಹಾಕಿಬಿಟ್ಟಿದ್ದಾಳೆ.

“ಅಯ್ಯೋ ತಾಯಿ, ಪಟ್ಟಿ ಕಿತ್ತುಹಾಕಿದ್ಯಾ? ಸ್ಟುಡಿಯೋ ಮರ್ಯಾದೆ ಕಣಮ್ಮ ಅದು!”

“ಬಯ್ಬೇಡಿ ಅಜ್ಜ. ಇಲ್ಲಿ ನೋಡಿ, ಇಲ್ಲೊಂದು ಕೈ ಇದೆ.”

“ಯಾರ ಕೈ?”

“ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು. ಮದುವೆ ಜೋಡಿ ಫೋಟೋದಲ್ಲೂ ಇದೆ, ಮೇಷ್ಟ್ರ ಫೋಟೋದಲ್ಲೂ ಇದೆ, ಅವಳಿ ಮಕ್ಕಳದ್ರಲ್ಲೂ ಇದೆ. ಬಲಗಡೆ ಅಂಚಲ್ಲಿ ಪರದೆ ಹಿಡ್ಕೊಂಡಿರೋ ಕೈ. ಎಲ್ಲದ್ರಲ್ಲೂ ಅದೇ ಕೈ.”

ಭೂತಗನ್ನಡಿ ಕೊಟ್ಟಳು. ಅರ್ಧ ಬಾಗಿಲಿನ ನನ್ನ ಬಲಗಣ್ಣನ್ನು ಅದಕ್ಕೆ ಒತ್ತಿದೆ. ಮೊದಲು ಮಂಜು. ಮಂಜಿನೊಳಗೆ ನಾಲ್ಕು ಬೆರಳು. ಕಿರುಬೆರಳು ಉಳಿದ ಮೂರರೊಂದಿಗೆ ಜಗಳವಾಡಿದ ಹಾಗೆ ದೂರ ನಿಂತಿದೆ.

ನಿನ್ನ ಅಮ್ಮ.

ಪರದೆ ಎಡಗಡೆ ಗೋಡೆಗೆ ಬಿಗಿದಿತ್ತು, ಬಲಗಡೆ ಸಡಿಲ. ಬಾಗಿಲಿಂದ ಗಾಳಿ ನುಗ್ಗಿದರೆ ಕೆರೆ ಮಡಿಚಿಕೊಳ್ಳುತ್ತಿತ್ತು, ಅರಮನೆ ಬಳುಕುತ್ತಿತ್ತು. ಯಾರಾದರೂ ಅಂಚನ್ನು ಎಳೆದು ಹಿಡಿಯಬೇಕು. ನಿನ್ನನ್ನು ಬುಟ್ಟಿಯಲ್ಲಿ ಮಲಗಿಸಿ, ಬುಟ್ಟಿಯನ್ನು ಮೇಜಿನ ಕೆಳಗೆ ತಳ್ಳಿ, ಅವಳೇ ಬಂದು ಹಿಡಿಯುತ್ತಿದ್ದಳು. ನೀನು ಹುಟ್ಟುವ ಮೊದಲೂ ಅವಳೇ. ವರ್ಷಗಟ್ಟಲೆ ಅದೇ ಜಾಗ, ಅದೇ ಕೈ. “ನಿಂದೂ ಒಂದು ತೆಗೀತೀನಿ ಬಾರೇ” ಎಂದರೆ, “ಆಮೇಲಣ್ಣ, ಗಿರಾಕಿ ಕಾಯ್ತಿದಾರೆ” ಎನ್ನುವಳು. ಆಮೇಲೆ ಜ್ವರ ಬಂತು. ಆ ಜ್ವರಕ್ಕೆ ಆಮೇಲೆ ಎಂಬುದೇ ಇರಲಿಲ್ಲ.

ನಾನು ಅವಳ ಫೋಟೋ ತೆಗೆಯಲಿಲ್ಲ ಎನ್ನುತ್ತೀಯ. ತೆಗೆದಿದ್ದೆ ಕಣೇ. ದಿನಾ ತೆಗೆದು ದಿನಾ ಕಪ್ಪು ಕಾಗದ ಅಂಟಿಸಿದೆ.

ಹುಡುಗಿ ಆ ಕೈಗೆ ‘ಅನಾಮಿಕ ಸಹಾಯಕಿ’ ಎಂದು ಚೀಟಿ ಬರೆದಿಟ್ಟಿದ್ದಳು. ತೆಗೆಸಿದೆ.

ಅಂದ ಹಾಗೆ, ನೀನು ಜಿಡ್ಡು ತೆಗೆದೆ ಎಂದಿದ್ದೆಯಲ್ಲ, ಅದು ಎಡ ಅಂಚಲ್ಲವೇ? ಎಡವೇ ಇರಬೇಕು. ಆ ಕಡೆ ಗೋಡೆಯ ಮಸಿ ತಾಗುತ್ತಿತ್ತು. ಸುಮ್ಮನೆ ಕೇಳಿದೆ. ಉತ್ತರ ಬರೆಯದಿದ್ದರೂ ನಡೆಯುತ್ತದೆ.

ನಿನ್ನ ಮಾಮ


ಆಗಸ್ಟ್ ೧೬

ಮಾಮ,

ಬಲ.

ಮೊಂಡಿ


ಸೆಪ್ಟೆಂಬರ್ ೨೨

(ಹೇಳಿ ಬರೆಸಿದ್ದು. ಟೈಪ್ ಮಾಡಿದವರು ಕೆಳಮನೆಯವರು. ಕಾಗುಣಿತ ನನ್ನದು, ಉಳಿದ ತಪ್ಪುಗಳು ಹೇಳಿದವರದು. — ಟೈಪಿಸ್ಟ್)

ಮೊಂಡಿ,

ಒಂದು ಶಬ್ದದ ಕಾಗದ ಬರೆದು ಒಂದು ತಿಂಗಳು ಸುಮ್ಮನೆ ಕೂತಿದ್ದೀಯ. ತಂತಿ ಕಳಿಸುತ್ತಿದ್ದ ಕಾಲದಲ್ಲೂ ಜನ ಇಷ್ಟು ಜಿಪುಣರಾಗಿರಲಿಲ್ಲ.

ನಾನು ಕೇಳಬಾರದಿತ್ತು. ನೀನು ನನ್ನ ಬಾಯಿಗೆ ಹಲ್ಲು ಮಾಡಿಕೊಟ್ಟೆ, ಬೀಗ ಮಾಡಿಕೊಡಲಿಲ್ಲ. ಜಿಡ್ಡು ಎಂದರೆ ಏನು, ಬೆವರು ಮತ್ತು ಧೂಳು. ಜಗತ್ತಿನ ಎಲ್ಲ ಹೆಂಗಸರೂ ದಿನಾ ಅದನ್ನೇ ಉಜ್ಜುತ್ತಾರೆ. ಗೊತ್ತಿಲ್ಲದೆ ತೊಳೆದದ್ದಕ್ಕೆ ಯಾವ ಕೋರ್ಟಿನಲ್ಲೂ ಶಿಕ್ಷೆಯಿಲ್ಲ. (ಹೀಗೆ ಹೇಳಿ ನನ್ನ ಕಡೆ ತಿರುಗಿ “ಸರಿಯಾಗಿ ಹೇಳಿದೆನಾ?” ಎಂದು ಕೇಳಿದರು. ಸರಿಯಾಗಿಲ್ಲ ಎಂದೆ. ಹಾಗೇ ಟೈಪ್ ಮಾಡು ಎಂದರು. — ಟೈಪಿಸ್ಟ್)

ಬಲಗಣ್ಣೂ ಬಾಗಿಲೆಳೆದುಕೊಂಡಿತು. ಬೆಳಕು ಬಂದದ್ದು, ಬೆಳಕು ಹೋದದ್ದು ಇಷ್ಟು ಮಾತ್ರ ತಿಳಿಯುತ್ತದೆ. ಕ್ಯಾಮೆರಾಕ್ಕೂ ಇಷ್ಟೇ ತಿಳಿಯುತ್ತಿದ್ದದ್ದು. ಅದು ಒಂದು ದಿನವೂ ಗೊಣಗಲಿಲ್ಲ, ನಾನೂ ಗೊಣಗಬಾರದು. (ಬೆಳಗಿನಿಂದ ಗೊಣಗುತ್ತಿದ್ದಾರೆ. — ಟೈಪಿಸ್ಟ್)

ಬರೆಸಲು ಕಾರಣವಿದೆ. ಮ್ಯೂಸಿಯಂ ಹುಡುಗಿ ಟೈಪಿಸ್ಟಮ್ಮನಿಗೆ ಫೋನ್ ಮಾಡಿದ್ದಳು. ಇನ್ನೊಂದು ಪೆಟ್ಟಿಗೆ ಬಿಚ್ಚಿದಳಂತೆ. ಬ್ಯಾಂಡ್ ಮಾಸ್ಟರ್ ಒಬ್ಬ ಕೆರೆಯ ಮುಂದೆ ನಿಂತು ಕಹಳೆ ಊದುತ್ತಿರುವ ಫೋಟೋ. ಅದರಲ್ಲಿ ಕೈಯಷ್ಟೇ ಅಲ್ಲ, ಹೆಂಗಸು ಪೂರ್ತಿ ಇದ್ದಾಳಂತೆ. ಮುಖ ಈ ಕಡೆ ತಿರುಗಿದೆಯಂತೆ. “ಮುಖ ಚೆನ್ನಾಗಿ ಬಂದಿದ್ಯಾ?” ಎಂದು ಟೈಪಿಸ್ಟಮ್ಮ ಕೇಳಿದ್ದಕ್ಕೆ “ಮನೆಯವರೇ ಬಂದು ನೋಡ್ಲಿ” ಎಂದಳಂತೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರೆ. ಹಲ್ಲಿನ ವಿಷಯ ನೀನು ಬಗೆಹರಿಸಿದೆ. ಇನ್ನು ಇದನ್ನು ಬಗೆಹರಿಸು. ಆ ಮುಖದ ಗುರುತು ಇರುವವನು ಈಗ ಬದುಕಿರುವವರಲ್ಲಿ ನಾನೊಬ್ಬ, ನನಗೆ ಕಣ್ಣಿಲ್ಲ. ಕಣ್ಣಿರುವವಳು ನೀನು, ನಿನಗೆ ಗುರುತಿಲ್ಲ. ನೀನು ನೋಡಿ ಹೇಳು, ನಾನು ಕೇಳಿ ಹೌದೋ ಅಲ್ಲವೋ ಹೇಳುತ್ತೇನೆ.

ಬಾ.

(ಇದಾದ ಮೇಲೆ ಹಲ್ಲಿನ ಸೆಟ್ಟು ತೆಗೆದು ಲೋಟಕ್ಕೆ ಹಾಕಿದರು. ಹಾಗಾಗಿ ಏನೂ ಟೈಪ್ ಮಾಡಿಲ್ಲ. — ಟೈಪಿಸ್ಟ್)

ನಿನ್ನ ಮಾಮ


ಅಕ್ಟೋಬರ್ ೩

ಮಾಮನಿಗೆ ನಮಸ್ಕಾರ. ಟೈಪಿಸ್ಟ್ ಅಕ್ಕನಿಗೂ.

ಒಂದು ತಿಂಗಳು ಬರೆಯದೆ ಇದ್ದದ್ದು ಕೋಪದಿಂದಲ್ಲ. ಬ್ರಷ್ಷು ಕಂಡರೆ ಆಗುತ್ತಿರಲಿಲ್ಲ. ನನ್ನ ಕೆಲಸವೇ ಬ್ರಷ್ಷಿನದು. ಸಹಾಯಕ್ಕೆ ಬರುವ ಹೆಂಗಸು, “ಅಕ್ಕ, ಹಲ್ಲಿಗೆ ಹೊಳಪೇ ಬಂದಿಲ್ಲ, ಹೀಗೇ ಕೊಟ್ಟುಬಿಡೋದಾ?” ಎಂದು ದಿನಾ ಕೇಳುತ್ತಿದ್ದಾಳೆ.

ಒಂದು ಮಾತು ನಿಮಗೆ ಗೊತ್ತಿಲ್ಲ. ಅಪ್ಪ ಹೋಗುವ ಮೊದಲು ಆ ಪರದೆಯನ್ನು ಹೊತ್ತುಕೊಂಡು ನನ್ನ ಮನೆಗೆ ಬಂದಿದ್ದ. ಬಾಗಿಲಲ್ಲೇ ಸುರುಳಿ ಇಳಿಸಿದ. ಒಳಗೆ ಬಾ ಎಂದೆ, ಬರಲಿಲ್ಲ. ನೀರು ಕುಡಿದ. “ಇಟ್ಕೊ” ಎಂದ. ಯಾಕೆ ಎಂದು ಕೇಳಿದೆ. “ಒಗೀಬೇಡ” ಎಂದ. ಅಷ್ಟೇ. ಬಣ್ಣ ಹೋಗುತ್ತದೆ ಎಂದು ಹೇಳಿದನೇನೋ ಎಂದುಕೊಂಡೆ. ಬಣ್ಣ ಹೋದರೆ ಹೋಗಲಿ, ನಿನ್ನ ಬಣ್ಣ ಯಾರಿಗೆ ಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಸ್ಟುಡಿಯೋದಲ್ಲಿ ಆ ಕೆರೆಯನ್ನು ಅಮ್ಮ ಹೋದ ಮೇಲೆ ಮತ್ತೆ ಕಟ್ಟಲೇ ಇಲ್ಲ ಎಂದು ನೀವು ಯಾವಾಗಲೋ ಹೇಳಿದ್ದಿರಿ. ಆ ಎರಡು ಮಾತನ್ನೂ ಪಕ್ಕಪಕ್ಕ ಇಟ್ಟು ನೋಡಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದು ಕಾರಣ ಹೇಳಿದ್ದರೂ ಆಗುತ್ತಿತ್ತು. ಒಂದೇ ಒಂದು ವಾಕ್ಯ. ಅವನಿಗೆ ಅಷ್ಟು ದೊಡ್ಡ ಅರಮನೆ ಬರೆಯಲು ಬರುತ್ತಿತ್ತು, ಒಂದು ವಾಕ್ಯ ಬರುತ್ತಿರಲಿಲ್ಲ.

ಹಾಸ್ಟೆಲಿನಲ್ಲಿ ಎಲ್ಲ ಹುಡುಗಿಯರೂ ಟ್ರಂಕಿನ ಮುಚ್ಚಳದ ಒಳಗೆ ಅಮ್ಮನ ಫೋಟೋ ಅಂಟಿಸಿಕೊಳ್ಳುತ್ತಿದ್ದರು. ನಾನು ಹಳೆಯ ಪತ್ರಿಕೆಯಿಂದ ಒಂದು ಹೆಂಗಸಿನ ಮುಖ ಕತ್ತರಿಸಿ ಅಂಟಿಸಿದ್ದೆ. ಟೂತ್‌ಪೇಸ್ಟ್ ಜಾಹೀರಾತಿನ ಹೆಂಗಸು. “ನಿಮ್ಮಮ್ಮ ಎಷ್ಟು ಚೆನ್ನಾಗಿ ನಗ್ತಾರೆ” ಎನ್ನುತ್ತಿದ್ದರು. ಮೂರು ವರ್ಷ ಅವಳಿಗೆ ಗುಡ್ ನೈಟ್ ಹೇಳಿ ಮಲಗಿದ್ದೇನೆ. ಹಲ್ಲಿನ ಕೆಲಸಕ್ಕೆ ಬಿದ್ದದ್ದು ಅದಕ್ಕೇ ಇರಬೇಕು. ನಗಬೇಕು ಎನಿಸಿದರೆ ನಗಿ, ನಾನೂ ಒಮ್ಮೊಮ್ಮೆ ನಗುತ್ತೇನೆ.

ಉದ್ಘಾಟನೆಗೆ ಬೇಡ. ಜನ ಕಡಿಮೆಯಾದ ಮೇಲೆ ಬರುತ್ತೇನೆ. ನೀವು ಸಿದ್ಧವಾಗಿರಿ.

ಮೊಂಡಿ


ಅಕ್ಟೋಬರ್ ೨೮

ಮಾಮನಿಗೆ,

ವಾಪಸ್ ನನ್ನ ಊರು ತಲುಪಿದೆ. ನಿಮ್ಮ ಊರುಗೋಲಿನ ಬುಡಕ್ಕೆ ಹೊಸ ರಬ್ಬರ್ ಹಾಕಿಸಿ; ಮ್ಯೂಸಿಯಂನ ನೆಲದಲ್ಲಿ ಎರಡು ಸಲ ಜಾರಿತು, ನೀವು ಮೊಸಳೆಯನ್ನು ಹಿಡಿದು ನಿಂತಿರಿ.

ಫೋಟೋ ಹೇಗೆ ಬಂದಿದೆ ಎಂದು ಅಲ್ಲಿಯೇ ಹೇಳಿದೆನಲ್ಲ. ನೀವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಅದನ್ನೇ ಮತ್ತೆ ಬರೆಯುವುದಿಲ್ಲ. ಬಹಳ ಸ್ಪಷ್ಟವಾಗಿ ತೆಗೆದಿದ್ದೀರಿ, ಅಷ್ಟು ಸಾಕು. ಅದರ ಪ್ರತಿಗಾಗಿ ಮ್ಯೂಸಿಯಂನವರಿಗೆ ಕಾಟ ಕೊಡಬೇಡಿ. ಟೈಪಿಸ್ಟ್ ಅಕ್ಕನನ್ನೂ ನೋಡಿ ಬಾ ಎಂದು ಕಳಿಸಬೇಡಿ, ಪಾಪ, ಅವರಿಗೆ ಮಂಡಿನೋವು.

ನೀವು ಬೆಂಚಿನ ಮೇಲೆ ಕೂತಿದ್ದಾಗ ನಾನು ಕೆರೆಯ ಹತ್ತಿರ ಹೋದೆ. ಒಬ್ಬ ಮುದುಕಿ ಅದರ ಮುಂದೆ ನಿಂತು ಮೊಮ್ಮಗಳಿಗೆ ಹೇಳುತ್ತಿದ್ದಳು: “ಇಲ್ಲಿಗೆ ನಾವು ಹೋಗಿದ್ವಿ ಕಣೆ, ನಿಮ್ಮ ತಾತನ ಜೊತೆ. ತಣ್ಣಗೆ ಗಾಳಿ ಬೀಸ್ತಿತ್ತು.” ಪರದೆ ಎನ್ನುವುದು ಅವಳಿಗೆ ಮರೆತೇಹೋಗಿದೆ. ಬಾಗಿಲ ಗಾಳಿ ನೆನಪಿದೆ. ಅಪ್ಪ ಕೇಳಿಸಿಕೊಂಡಿದ್ದರೆ ಎದ್ದು ಹೊರಗೆ ಹೋಗುತ್ತಿದ್ದ. ಸಂತೋಷವಾದರೂ ಎದ್ದು ಹೋಗುವವನೇ ಅವನು ಎಂದು ಮೊನ್ನೆ ಮೊದಲ ಸಲ ಅನಿಸಿತು.

ಮುಟ್ಟಬಾರದು ಎಂದು ಬೋರ್ಡು ಹಾಕಿದ್ದಾರೆ. ಮುಟ್ಟಿದೆ. ಜಿಡ್ಡು ಹೋಗಿದೆ, ಚೆನ್ನಾಗಿಯೇ ಉಜ್ಜಿದ್ದೇನೆ. ಆದರೆ ಬಟ್ಟೆ ಅಲ್ಲಿ ಸ್ವಲ್ಪ ಜೋತುಬಿದ್ದಿದೆ. ಎಳೆದೆಳೆದು ಸಡಿಲವಾದದ್ದು. ಬೆರಳಿಟ್ಟರೆ ಬೆರಳು ತಾನಾಗಿ ಕೂರುತ್ತದೆ, ಕಿರುಬೆರಳು ಮಾತ್ರ ದೂರ. ಅಚ್ಚಿನಿಂದ ಹಲ್ಲು ಎರೆಯುವುದು ನನಗೆ ಗೊತ್ತು. ಇದರಿಂದ ಏನು ಎರೆಯಲಿ?

ಔಷಧಿ ಇನ್ನು ಬೇಡ ಎಂದು ಡಾಕ್ಟರು ಹೇಳಿದ್ದನ್ನು ನನ್ನಿಂದ ಯಾಕೆ ಮುಚ್ಚಿಟ್ಟಿರಿ?

ಮೊಂಡಿ


ನವೆಂಬರ್ ೧೧

ಮಾನ್ಯರೇ,

ತಾವು ನಮ್ಮ ವಸ್ತುಸಂಗ್ರಹಾಲಯಕ್ಕೆ ಭೇಟಿ ನೀಡಿದ್ದಾಗ ಬ್ಯಾಂಡ್ ಮಾಸ್ಟರ್ ಅವರ ಛಾಯಾಚಿತ್ರದಲ್ಲಿರುವ ಮಹಿಳೆಯ ಮುಖಭಾಗವನ್ನು ದೊಡ್ಡದಾಗಿಸಿ ಕಳುಹಿಸುವಂತೆ, ಹಾಗೂ ಈ ಕೋರಿಕೆಯನ್ನು ತಮ್ಮ ಸೋದರಮಾವನವರಿಗೆ ತಿಳಿಸದಂತೆ ಕೇಳಿಕೊಂಡಿದ್ದು ಸರಿಯಷ್ಟೆ. ಸಾಧ್ಯವಿರುವ ಎಲ್ಲ ರೀತಿಯಲ್ಲಿ ಪ್ರಯತ್ನಿಸಲಾಯಿತು. ಚಿತ್ರ ತೆಗೆಯುವ ವೇಳೆ ಮಹಿಳೆಯು ಅಲುಗಾಡಿರುವುದರಿಂದ ಮುಖದ ಜಾಗದಲ್ಲಿ ಬಿಳಿಯ ಗೆರೆ ಮಾತ್ರ ಮೂಡಿದ್ದು, ಕಣ್ಣು, ಮೂಗು, ಬಾಯಿ ಯಾವುದನ್ನೂ ಗುರುತಿಸಲಾಗುತ್ತಿಲ್ಲ ಎಂದು ತಿಳಿಸಲು ವಿಷಾದಿಸುತ್ತೇವೆ.

ಸದರಿ ಚಿತ್ರಗಳ ಕೆಳಗೆ ಹಾಕಬೇಕಾದ ವಿವರವನ್ನು ತಾವು ಸೂಚಿಸಿದಂತೆಯೇ ಬದಲಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಪ್ರದರ್ಶನ ವಿಭಾಗ

(ಕೈಬರಹದಲ್ಲಿ) ಅಕ್ಕ, ಮೇಲಿನದು ಆಫೀಸಿನ ಭಾಷೆ. ಆ ದಿನ ನೀವು ಅಜ್ಜನಿಗೆ ಅಷ್ಟು ಹೊತ್ತು ಮುಖದ ವಿವರ ಹೇಳುತ್ತಿದ್ದಾಗ ನಾನು ಹಿಂದೆಯೇ ನಿಂತಿದ್ದೆ. ಬಾಯಿಬಿಡಲಿಲ್ಲ. ಮುಂದೆಯೂ ಬಿಡುವುದಿಲ್ಲ.


ಡಿಸೆಂಬರ್ ೨

ಮೊಂಡಿ,

ಇದನ್ನು ಟೈಪಿಸ್ಟಮ್ಮನಿಗೆ ಹೇಳಿ ಬರೆಸಲಿಲ್ಲ, ನಾನೇ ಬರೆಯುತ್ತಿದ್ದೇನೆ. ಸಾಲು ತಪ್ಪದಿರಲಿ ಎಂದು ಕೈಯ ಕೆಳಗೆ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಆದರೂ ಒಂದರ ಮೇಲೊಂದು ಕೂತಿದ್ದರೆ ಬಸ್ಸಿನಲ್ಲಿ ಜನ ಕೂತ ಹಾಗೆ ಎಂದು ಸಹಿಸಿಕೊ.

ಪ್ರದರ್ಶನ ಮುಗಿಯಿತು. ಮೊಸಳೆ ತನ್ನ ಜಾಗಕ್ಕೆ ಬಂದಿದೆ. ಕೊನೆಯ ದಿನ ಟೈಪಿಸ್ಟಮ್ಮ ಚಿತ್ರದ ಕೆಳಗಿನ ಚೀಟಿ ಓದಿ ಹೇಳಿದಳು, ‘ಕೆರೆಯ ಅಂಚು ಹಿಡಿದವಳು’ ಎಂದು. ನೀನು ಬರೆಸಿದ್ದಂತೆ. ಪರವಾಗಿಲ್ಲ. ಅಪ್ಪನಿಗೆ ಬಾರದ ವಾಕ್ಯ ನಿನಗೆ ಬಂದಿದೆ. ಟೈಪಿಸ್ಟಮ್ಮನನ್ನು ಚಿತ್ರ ನೋಡಲು ಕಳಿಸಬೇಡಿ ಎಂದು ನೀನು ಬರೆದಿದ್ದೆ. ಕಳಿಸಲಿಲ್ಲ, ತಾನೇ ನೋಡಿದಳು. ನೋಡಿದ ಮೇಲೆ ದಾರಿಯುದ್ದಕ್ಕೂ ಮಾತಾಡಲಿಲ್ಲ. ಮಾತಾಡದ ಟೈಪಿಸ್ಟಮ್ಮ ಎಂದರೆ ನಿಂತ ಗಡಿಯಾರ. ನಾನೂ ಏನೂ ಕೇಳಲಿಲ್ಲ. ಕೇಳುವುದೇನಿದೆ?

ಬ್ಯಾಂಡ್ ಮಾಸ್ಟರ್ ಎಂಬ ಮಾತು ಕಿವಿಗೆ ಬಿದ್ದಾಗಲೇ ನನಗೆ ಗೊತ್ತಾಯಿತು. ಕಹಳೆಯನ್ನು ಸುಮ್ಮನೆ ಹಿಡಿದುಕೊಂಡು ನಿಂತರೆ ಸಾಲದು, ಊದುತ್ತಿರುವಾಗಲೇ ತೆಗೆಯಬೇಕು ಎಂದು ಆ ಮನುಷ್ಯ ಹಟ ಹಿಡಿದಿದ್ದ. “ಅಲುಗಾಡ್ಬೇಡಿ” ಎಂದು ನಾನು ಕ್ಯಾಮೆರಾದ ಮುಚ್ಚಳ ತೆಗೆದೆ. ಅವನು ನಿಜವಾಗಿಯೂ ಊದಿದ. ಮೇಜಿನ ಕೆಳಗೆ ಬುಟ್ಟಿಯಲ್ಲಿದ್ದ ನೀನು ಕಿಟಾರನೆ ಕಿರುಚಿದೆ. ಅವಳು ಪರದೆ ಬಿಟ್ಟು ತಿರುಗಿದಳು. ಕೆರೆ ಮಡಿಚಿಕೊಂಡಿತು. ನಾನು “ಏ, ಬಿಡಬೇಡ್ವೇ!” ಎಂದು ಕೂಗಿದೆ. ಅಷ್ಟು ವರ್ಷದಲ್ಲಿ ಅವಳು ಅಂಚು ಬಿಟ್ಟದ್ದು ಅದೊಂದೇ ಸಲ. ಬ್ಯಾಂಡ್ ಮಾಸ್ಟರನಿಗೆ ಇನ್ನೊಂದು ತೆಗೆದುಕೊಟ್ಟೆ. ಅಲುಗಾಡಿದ ನೆಗೆಟಿವನ್ನು ಬಿಸಾಡುವುದು ಕ್ರಮ. ಇದನ್ನು ಬಿಸಾಡೋಣ ಎಂದು ಎತ್ತಿಟ್ಟಿದ್ದೆ. ಅಷ್ಟರಲ್ಲಿ ಅವಳು ಜ್ವರ ಬಂದು ಮಲಗಿದಳು. ಆಮೇಲೆ ಬಿಸಾಡಲು ಆಗಲಿಲ್ಲ.

ಮುಖವಿಲ್ಲ ಎಂದು ಗೊತ್ತಿದ್ದೂ ನಿನ್ನನ್ನು ಕರೆಸಿದೆ. ಕೈಯನ್ನಾದರೂ ನೋಡಿಕೊಂಡು ಹೋಗಲಿ ಎಂದು. ಬೈಯುವುದಿದ್ದರೆ ಮುಂದಿನ ಕಾಗದದಲ್ಲಿ ಬೈಯಿ, ಟೈಪಿಸ್ಟಮ್ಮ ರಾಗವಾಗಿ ಓದುತ್ತಾಳೆ.

ಆದರೆ ನೀನು ಆ ಬಿಳಿ ಗೆರೆಯ ಮುಂದೆ ನಿಂತು ನನಗೆ ಮುಖ ಹೇಳಲು ಶುರುಮಾಡುತ್ತೀಯ ಎಂದು ನಾನು ಎಣಿಸಿರಲಿಲ್ಲ. “ಬಂದಿದೆ ಮಾಮ, ಬಹಳ ಚೆನ್ನಾಗಿ ಬಂದಿದೆ” ಎಂದೆ. ಕುರುಡನಿಗೆ ನಿರಾಸೆಯಾಗಬಾರದು ಎಂದು. ಹಣೆ ಚಿಕ್ಕದು ಎಂದೆ. ಎಡಹುಬ್ಬು ಬಲಕ್ಕಿಂತ ಒಂದು ಕೂದಲೆಳೆ ಮೇಲೆ ಎಂದೆ. ಗದ್ದ ಸ್ವಲ್ಪ ಮುಂದೆ, ಅದರ ನಡುವೆ ಒತ್ತಿದ ಹಾಗೆ ಒಂದು ಗುಳಿ. ಮೇಲಿನ ಹಲ್ಲು ಅಗಲ, ಅದನ್ನು ಮುಚ್ಚಿಕೊಳ್ಳಲು ತುಟಿ ಬಿಗಿಹಿಡಿಯುವ ಅಭ್ಯಾಸ. ಬೇರೆ ಯಾವ ಮುಖವೂ ತೋಚಲಿಲ್ಲ, ಅಲ್ಲವೇ? ದಿನಾ ಕನ್ನಡಿಯಲ್ಲಿ ಕಾಣುವುದನ್ನೇ ಹೇಳಿಕೊಂಡು ಹೋದೆ. ಈ ಸಲ ಟೂತ್‌ಪೇಸ್ಟಿನವಳ ಮುಖ ಹೇಳಲಿಲ್ಲ, ಅಷ್ಟು ಪುಣ್ಯ.

ಆಗ ನಾನು ನಿನ್ನ ಗದ್ದ ಹಿಡಿದು ಎತ್ತಿದೆ. ನೆನಪಿದೆಯೇ? ಊರಿನವರ ಗದ್ದಗಳನ್ನೆಲ್ಲ ಬೆಳಕಿನ ಕಡೆ ಎತ್ತಿದ ಬೆರಳುಗಳು ಇವು. “ಅಲುಗಾಡ್ಬೇಡ” ಎಂದೆ. ನೀನು ಅಲುಗಾಡಲಿಲ್ಲ.

ಈಗ ಕೇಳು. ಆ ದಿನ ಹೇಳದೆ “ಮನೆಗೆ ಹೋಗೋಣ, ಹಸಿವು” ಎಂದುಬಿಟ್ಟೆ. ನೀನು ಹೇಳಿದ್ದೆಲ್ಲ ಸರಿ. ಹಣೆ ಸರಿ. ಹುಬ್ಬು ಸರಿ. ತುಟಿ ಸರಿ. ಗದ್ದವನ್ನು ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ. ಗುರುತಿರುವವನು ಹೇಳುತ್ತಿದ್ದೇನೆ, ಇನ್ನು ಹೋಲಿಸಿ ನೋಡಲು ಏನೂ ಇಲ್ಲ ಎಂದು ಬರೆಯಬೇಡ.

ಒಂದೇ ಒಂದು ತಪ್ಪು. ಕೊನೆಯಲ್ಲಿ ನನ್ನ ಸಮಾಧಾನಕ್ಕೆಂದು “ನಗ್ತಾ ಇದಾಳೆ ಮಾಮ” ಎಂದೆಯಲ್ಲ.

ಅವಳು ನಗುತ್ತಿರಲಿಲ್ಲ. ಬುಟ್ಟಿಯಲ್ಲಿ ನೀನು ಅಳುತ್ತಿದ್ದೆ.

ಮಾಮ